ಆರ್‌ಪಿ ಜೀನ್ ಕಾಯಿಲೆ ಅಲ್ವಾ, ಇದ್ರಲ್ಲಿ ಇಮ್ಯೂನ್ ಸಿಸ್ಟಮ್ ಯಾಕೆ ಬಂತು?

ಮುಸ್ಸಂಜೆ:
ನನ್ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ (ಆರ್‌ಪಿ) ಇದೆ, ಅಂದ್ರೆ ಕಣ್ಣಿನ ಹಿಂದಿರೋ ಬೆಳಕು ಹಿಡಿಯೋ ಪದರ, ರೆಟಿನಾ, ನಿಧಾನಕ್ಕೆ ಹಾಳಾಗೋ ಕಾಯಿಲೆ. ಮೊದ್ಲು ರಾತ್ರಿ ಕಾಣೋದು ಕಮ್ಮಿ ಆಯ್ತು, ಈಗ ಸೈಡ್ ನೋಟನೂ ಹೋಗ್ತಾ ಇದೆ. ಜೀನ್ ಟೆಸ್ಟಲ್ಲಿ ಯುಎಸ್‌ಎಚ್2ಎ ಅನ್ನೋ ಜೀನಲ್ಲಿ ದೋಷ ಅಂತ ಬಂದಿದೆ. ಈ ಸಲ ಚೆಕಪ್ಪಲ್ಲಿ ಡಾಕ್ಟ್ರು ವಿಟ್ರಿಯಸ್‌ನಲ್ಲಿ (ಕಣ್ಣೊಳಗಿನ ಜೆಲ್) ಇನ್‌ಫ್ಲಮೇಶನ್ ಸೆಲ್ಸ್ ಕಾಣ್ತಿವೆ, ಆರ್‌ಪಿಲಿ ಇದು ಇರತ್ತೆ ಅಂದ್ರು, ಅಷ್ಟೇ, ಬಿಡಿಸಿ ಹೇಳ್ಲಿಲ್ಲ. ಅಂದ್ರೆ ಅವನ ಇಮ್ಯೂನ್ ಸಿಸ್ಟಮ್ಮೇ ಕಣ್ಣು ಹಾಳು ಮಾಡ್ತಿದ್ಯಾ? ಹಾಗಿದ್ರೆ ಸ್ಟೀರಾಯ್ಡ್ ಕೊಟ್ರೆ ನಿಲ್ಲಲ್ವಾ? ಮನೇಲಿ ಬೇರೆ ಇಮ್ಯೂನಿಟಿ ಜಾಸ್ತಿ ಮಾಡೋ ಪುಡಿ ಕೊಡಿ ಅಂತಿದಾರೆ, ಯಾವ ಕಡೆ ಹೋಗ್ಬೇಕೋ ಗೊತ್ತಾಗ್ತಿಲ್ಲ.

ರೆಟಿನಾ ಓದು:
ಶುರು ಮಾಡೋದು ಜೀನೇ, ಅದ್ರಲ್ಲಿ ಡೌಟ್ ಬೇಡ. ಆದ್ರೆ ಆಮೇಲೆ ಎಷ್ಟು ಬೇಗ ಹಾಳಾಗತ್ತೆ ಅನ್ನೋದ್ರಲ್ಲಿ ಇಮ್ಯೂನ್ ಸೆಲ್‌ಗಳ ಕೈವಾಡನೂ ಇದೆ. ರೆಟಿನಾದಲ್ಲೇ ಮೈಕ್ರೋಗ್ಲಿಯಾ ಅಂತ ಸೆಲ್ಸ್ ವಾಸ ಇರ್ತವೆ, ಮಾಮೂಲಿಯಾಗಿ ಒಳಗಿನ ಪದರಗಳಲ್ಲಿ ಕಸ ಗುಡಿಸ್ಕೊಂಡು ಇರ್ತವೆ, ರಾಡ್‌ಗಳು (ಕತ್ತಲಲ್ಲಿ ಕಾಣೋಕೆ ಬೇಕಾದ ಸೆಲ್ಸ್) ಸಾಯೋಕೆ ಶುರುವಾದ್ರೆ ಅಲ್ಲಿಗೇ ನುಗ್ತವೆ. 2015ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಸ್ಟಡೀಲಿ ಇವು ಸತ್ತ ರಾಡ್ ಮಾತ್ರ ಅಲ್ಲ, ಸ್ಟ್ರೆಸ್‌ನಲ್ಲಿರೋ ಆದ್ರೆ ಇನ್ನೂ ಬದುಕಿರೋ ರಾಡ್‌ಗಳನ್ನೂ ನುಂಗೋದು ಕಾಣ್ತು, ಮೈಕ್ರೋಗ್ಲಿಯಾನ ಕಮ್ಮಿ ಮಾಡಿದಾಗ ಹಾಳಾಗೋ ವೇಗನೂ ಕಮ್ಮಿ ಆಯ್ತು. ಇದನ್ನ ಓದಿದ ಯಾರಿಗೇ ಆದ್ರೂ ಹಾಗಾದ್ರೆ ಇಮ್ಯೂನ್ ಸಿಸ್ಟಮ್ ಆಫ್ ಮಾಡೋಣ ಅನ್ಸತ್ತೆ. ಆದ್ರೆ 2019ರ ಇನ್ನೊಂದು ಸ್ಟಡೀಲಿ ಕಾಂಪ್ಲಿಮೆಂಟ್ (ಇಮ್ಯೂನ್ ಸಿಸ್ಟಮ್‌ನ ಒಂದು ಪ್ರೋಟೀನ್ ಗುಂಪು) ಅನ್ನೋದ್ರ ಸಿ3 ಪ್ರೋಟೀನ್ ಇಲ್ದೇ ಇರೋ ಆರ್‌ಪಿ ಇಲಿಗಳಲ್ಲಿ ಡ್ಯಾಮೇಜ್ ಜಾಸ್ತಿನೇ ಆಯ್ತು, ಯಾಕಂದ್ರೆ ಸತ್ತ ಸೆಲ್‌ಗಳ ಕ್ಲೀನಿಂಗೇ ಸರಿಯಾಗಿ ಆಗ್ಲಿಲ್ಲ. ಅದೇ ವ್ಯವಸ್ಥೆ ಕಾಪಾಡತ್ತೆ, ಕೆಡಿಸತ್ತೆ ಕೂಡ. ಅದಕ್ಕೇ ಸ್ಟೀರಾಯ್ಡ್ ಕೊಟ್ಬಿಟ್ರೆ ಆರ್‌ಪಿ ನಿಲ್ಲತ್ತೆ ಅನ್ನೋಕೆ ಆಗಲ್ಲ, ಪುಡಿ ವಿಷಯನಂತೂ ಬಿಟ್ಬಿಡಿ, ಇಲ್ಲಿ ಇಮ್ಯೂನಿಟಿ ಕಮ್ಮಿ ಇರೋದು ಸಮಸ್ಯೆನೇ ಅಲ್ಲ.

ಹಗಲು ಬೆಳಕು:
ನನಗೂ ಆರ್‌ಪಿ ಇದೆ. ಡಾಕ್ಟರ್ ಹತ್ರ ಒಂದು ಕೇಳಿ, ಓಸಿಟಿ ಸ್ಕ್ಯಾನಲ್ಲಿ (ರೆಟಿನಾದ ಪದರಗಳನ್ನ ತೋರ್ಸೋ ಸ್ಕ್ಯಾನ್) ಮ್ಯಾಕ್ಯುಲಾ, ಅಂದ್ರೆ ರೆಟಿನಾದ ನಡುಭಾಗ, ಊದ್ಕೊಂಡಿದ್ಯಾ ಅಂತ. ಆರ್‌ಪಿಲಿ ಈ ಊತ, ಸಿಸ್ಟಾಯ್ಡ್ ಎಡಿಮಾ ಅಂತಾರೆ, ತುಂಬಾ ಜನಕ್ಕೆ ಬರತ್ತೆ, ಇದಕ್ಕೆ ಟ್ರೀಟ್‌ಮೆಂಟ್ ಇದೆ. ನನಗೆ ಮೊದ್ಲು ಡಾರ್ಜೊಲಮೈಡ್ ಡ್ರಾಪ್ಸೇ ಕೊಟ್ರು, ಓದೋ ಅಕ್ಷರ ಮತ್ತೆ ಸ್ಪಷ್ಟ ಆಯ್ತು. ಸ್ಟೀರಾಯ್ಡ್‌ನೂ ಕೆಲವರಿಗೆ ಎಡಿಮಾಗೆ ಅಂತ ಕೊಡ್ತಾರೆ ಆದ್ರೆ ಕಣ್ಣಿನ ಪ್ರೆಶರ್ ಏರಬಹುದು, ಕ್ಯಾಟರಾಕ್ಟ್ ಬರಬಹುದು, ಆರ್‌ಪಿ ಇರೋರಿಗೆ ಕ್ಯಾಟರಾಕ್ಟ್ ಮೊದ್ಲೇ ಬೇಗ ಬರತ್ತೆ. ದಯವಿಟ್ಟು ನೀವೇ ಅಂಗಡಿಯಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕ್ಬೇಡಿ.

ಮುಸ್ಸಂಜೆ:
ತುಂಬಾ ಥ್ಯಾಂಕ್ಸ್. ಆಟೋಇಮ್ಯೂನ್ ರೆಟಿನೋಪತಿ ಅಂತನೂ ಓದಿದೆ, ಅದೇನಾದ್ರೂ ಇರಬಹುದಾ?

ರೆಟಿನಾ ಓದು:
ಅದು ಬೇರೆ. ಅದ್ರಲ್ಲಿ ರೆಕವರಿನ್ ತರದ ರೆಟಿನಾ ಪ್ರೋಟೀನ್‌ಗಳ ಮೇಲೆ ಆ್ಯಂಟಿಬಾಡಿ ಹುಟ್ಟತ್ತೆ, ಕೆಲವರಲ್ಲಿ ಕ್ಯಾನ್ಸರ್ ಜೊತೆ ಬರತ್ತೆ, ಸಾಮಾನ್ಯವಾಗಿ ವಾರಗಳು ತಿಂಗಳುಗಳಲ್ಲಿ ನೋಟ ಇಳಿಯತ್ತೆ. ನಿಮ್ಮ ತಮ್ಮಂದು ನಿಧಾನಕ್ಕೆ ಬಂದಿದ್ದು, ಯುಎಸ್‌ಎಚ್2ಎ ರಿಪೋರ್ಟಲ್ಲಿ ಆ ಜೀನ್‌ನ ಎರಡೂ ಕಾಪೀಲಿ ರೋಗ ತರೋ ಬದಲಾವಣೆ ಅಂತ ಇದ್ರೆ ಕಾರಣ ಸಿಕ್ಕಿದೆ ಅಂತಾನೇ ಅರ್ಥ, ಆ್ಯಂಟಿಬಾಡಿ ಟೆಸ್ಟ್ ಹಿಂದೆ ಓಡ್ಬೇಡಿ, ಆರ್‌ಪಿ ಇರೋರಲ್ಲೂ ಅದು ಪಾಸಿಟಿವ್ ಬರಬಹುದು. ಯುಎಸ್‌ಎಚ್2ಎ ದೋಷ ಕೆಲವರಲ್ಲಿ ಕಿವಿನೂ ಮಂದ ಮಾಡತ್ತೆ, ಅದಕ್ಕೆ ಕಿವಿ ಟೆಸ್ಟ್ ಮಾಡ್ಸಿಲ್ಲ ಅಂದ್ರೆ ಅದನ್ನ ಮಾಡ್ಸಿ.