ತೋಟಾ ತುಂಬುವ ಯಂತ್ರ: ಮೊದಲು ಯಾವುದನ್ನು ಕೊಳ್ಳಲಿ?

ತೀರ್ಥಹಳ್ಳಿ ತೋಟದವ:
ಅಪ್ಪನ ಕಾಲದ 12 ಬೋರಿನ ಜೋಡಿ ನಳಿಕೆ ಕೋವಿ ಮನೆಯಲ್ಲಿದೆ. ಬೆಳೆ ರಕ್ಷಣೆಯ ಪರವಾನಗಿ ಈಗ ನನ್ನ ಹೆಸರಿಗೆ ಬಂದಿದೆ. ಅಮೆರಿಕದವರು ಶೆಡ್ಡಿನಲ್ಲಿ ಕುಳಿತು ಖಾಲಿ ತೋಟಾಗಳಿಗೆ ಮತ್ತೆ ಮದ್ದು, ಚರೆ ತುಂಬುವ ವಿಡಿಯೋ ನೋಡಿ ಹುಚ್ಚು ಹಿಡಿದಿದೆ. ಅಡಿಕೆ ಕೊಯ್ಲು ಮುಗಿದರೆ ಕಾಸೂ ಇರುತ್ತದೆ, ಬಿಡುವೂ ಇರುತ್ತದೆ. ತೋಟಾ ಅದುಮಿ ತುಂಬುವ ಪ್ರೆಸ್ ಎಂಥದ್ದು, ಮದ್ದು ತೂಗುವ ತಕ್ಕಡಿ ಎಂಥದ್ದು ತರಿಸಲಿ?

ಸಾಗರದ ಹಳೆ ಗುರಿಕಾರ:
ಅಲ್ಲಿ ಹೊಸಬರಿಗೆ ಹೇಳುವುದಿಷ್ಟು: ಹಿಡಿ ಒಮ್ಮೆ ಎಳೆದರೆ ಒಂದೇ ಕೆಲಸ ಮಾಡುವ ಸರಳ ಪ್ರೆಸ್ ಕೊಳ್ಳಿ, ತಕ್ಕಡಿಯಲ್ಲಿ ಜಿಪುಣತನ ಬೇಡ, ಮದ್ದು ಎಷ್ಟು ಹಾಕಬೇಕೆಂದು ಅದರ ಕಂಪನಿ ಕೊಟ್ಟ ಕೋಷ್ಟಕವನ್ನು ಮೀರಬೇಡಿ. ಅದೂ ರೈಫಲ್ ತೋಟಾದ ಮಾತು. ಚರೆ ತೋಟಾ ತುಂಬುವ ಯಂತ್ರವೇ ಬೇರೆ.

ಆದರೆ ಸ್ವಾಮಿ, ನೀವಿರುವುದು ತೀರ್ಥಹಳ್ಳಿಯಲ್ಲಿ. ನಿಮ್ಮದು ಕೋವಿ ಇಟ್ಟುಕೊಳ್ಳುವ ಪರವಾನಗಿ. ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಬೇರೆಯದೇ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು. ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ: 2ನೇ ಕಲಮಿನ ವ್ಯಾಖ್ಯಾನದಲ್ಲಿ ಮದ್ದುಗುಂಡು ತಯಾರಿಸುವ ಯಂತ್ರವೂ ಮದ್ದುಗುಂಡೇ. ಒಂದು ಚಿಟಿಕೆ ಮದ್ದು ಇಲ್ಲದಿದ್ದರೂ ಪಾರ್ಸೆಲ್‌ನಲ್ಲಿ ಬಂದ ಬರಿಯ ಪ್ರೆಸ್ಸೇ ನಿಮ್ಮನ್ನು ಠಾಣೆಗೆ ಎಳೆಯಬಹುದು. ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಿ ರಸೀದಿ ಹಿಡಿದು ಬರುವುದೇ ಸಾಕಾಗಿದೆಯಲ್ಲ ನಮಗೆ!

ಕೊಪ್ಪದ ಓದುಗ:
ಕೊಡಗಿನಲ್ಲಿ ಪರವಾನಗಿಯೇ ಬೇಡವಂತಲ್ಲ?

ಸಾಗರದ ಹಳೆ ಗುರಿಕಾರ:
ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ, ಅದೂ ಕೋವಿ ಇಟ್ಟುಕೊಳ್ಳುವುದಕ್ಕೆ. ಶಿವಮೊಗ್ಗ, ಚಿಕ್ಕಮಗಳೂರಿನವರಿಗೆ ಅದರಿಂದ ಏನೂ ಇಲ್ಲ.

ತೀರ್ಥಹಳ್ಳಿ ತೋಟದವ:
ಉತ್ಸಾಹಕ್ಕೆ ತಣ್ಣೀರು ಎರಚಿದಿರಿ. ಹಾಗಾದರೆ ಆ ದುಡ್ಡನ್ನು ಏನು ಮಾಡಲಿ?

ಸಾಗರದ ಹಳೆ ಗುರಿಕಾರ:
ಏರ್ ರೈಫಲ್ ಕೊಳ್ಳಿ. 4.5 ಮಿ.ಮೀ. ಬೋರ್, 20 ಜೂಲ್ ಒಳಗಿನ ಶಕ್ತಿ ಇದ್ದರೆ ಪರವಾನಗಿ ಬೇಡ. ಅಂಗಡಿಯವರು ಕೇಳುವ ಗುರುತಿನ ದಾಖಲೆ ಒಯ್ಯಿರಿ. ಹತ್ತು ಮೀಟರ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಬರೀ ಅರ್ಧ ಮಿ.ಮೀ.; ಅದು ಪೆನ್ನಿನ ತುದಿ ಒತ್ತಿದಷ್ಟೇ ಜಾಗ. ನಿಖರತೆಯ ಹುಚ್ಚು ತೀರಿಸಿಕೊಳ್ಳಲು ಅಷ್ಟು ಸಾಲದೇ?

ಶುರುವಿಗೆ ಸ್ಪ್ರಿಂಗಿನದೇ ಇರಲಿ. ಗಾಳಿ ಸಿಲಿಂಡರಿನದು ಚೆನ್ನ, ಆದರೆ ನಮ್ಮ ಆಷಾಢದ ಹವೆಯಲ್ಲಿ ಕೈಪಂಪಿನಿಂದ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿದರೆ ತೇವವೂ ಒಳಗೆ ಹೋಗುತ್ತದೆ. ಪಂಪಿಗೆ ತೇವ ಹೀರುವ ಫಿಲ್ಟರ್ ಇಲ್ಲದೆ ಆ ಗೋಜಿಗೆ ಹೋಗಬೇಡಿ. ಸೀಸದ ಪೆಲೆಟ್‌ಗಳಿಗೂ ಮಳೆಗಾಲದಲ್ಲಿ ಬಿಳಿ ಪುಡಿ ಕೂರುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಎಲೆ‌ಅಡಿಕೆ ಹಾಕಿ. ಮನೆಯ ಹಿಂದೆ ಗುರಿ ಕಟ್ಟುವುದಾದರೆ ಅದರ ಬೆನ್ನಿಗೆ ದಪ್ಪ ಮಣ್ಣಿನ ದಿಬ್ಬ ಬೇಕು, ಅಡಿಕೆ ಮರವಲ್ಲ.