ಫ್ಲೋರೈಡ್ ನಕ್ಷೆ: ಗ್ರಾಮಸ್ಥರಿಗೂ ಸಂಶೋಧಕರಿಗೂ ಒಂದೇ ಸಾಕೇ?

ಪ್ರಶ್ನೆ: ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಪ್ರಮಾಣವನ್ನು ತೋರಿಸುವ ಸಂವಾದಾತ್ಮಕ ನಕ್ಷೆಯೊಂದನ್ನು ರೂಪಿಸುತ್ತಿದ್ದೇನೆ. ತಮ್ಮೂರಿನ ನೀರು ಕುಡಿಯಲು ಯೋಗ್ಯವೇ ಎಂದಷ್ಟೇ ತಿಳಿಯಬಯಸುವ ಗ್ರಾಮಸ್ಥರಿಗೂ, ಎಲ್ಲ ಅಂಕಿಅಂಶಗಳನ್ನು ಬಯಸುವ ಸಂಶೋಧಕರಿಗೂ ಒಂದೇ ನಕ್ಷೆ ಸಾಕಾದೀತೇ? ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1: ದತ್ತಾಂಶ ಒಂದೇ ಇರಲಿ, ಅದನ್ನು ತಲುಪುವ ದಾರಿಗಳು ಬೇರೆಯಾಗಿರಲಿ. ಊರಿನ ಹೆಸರನ್ನು ಕನ್ನಡದಲ್ಲಿ ಬರೆದೊಡನೆ ಬಾವಿಯ ನೀರಿನಲ್ಲಿರುವ ಫ್ಲೋರೈಡ್ ಪ್ರಮಾಣ, ಮಾದರಿ ಸಂಗ್ರಹಿಸಿದ ದಿನಾಂಕ ಮತ್ತು ಅದರ ಅರ್ಥವನ್ನು ಹೇಳುವ ಒಂದು ಸರಳ ವಾಕ್ಯ ಕಾಣಿಸಬೇಕು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲವಿಲ್ಲದಿದ್ದಾಗ ಮಾತ್ರ 1.5ರವರೆಗೆ ಅವಕಾಶವಿದೆ. ಆದ್ದರಿಂದ ಬಣ್ಣಗಳು ಬದಲಾಗಬೇಕಾದದ್ದು ಈ ಎರಡು ಅಂಕಿಗಳಲ್ಲಿ, ತಂತ್ರಾಂಶ ತಾನಾಗಿ ಮಾಡುವ ಸಮಭಾಗಗಳಲ್ಲಲ್ಲ. ಸಂಶೋಧಕರಿಗೆ ಮೂಲ ಕೋಷ್ಟಕವನ್ನು ಇಳಿಸಿಕೊಳ್ಳುವ ಸೌಲಭ್ಯವಿರಲಿ.

ಉತ್ತರ 2: ಕೆಂಪು-ಹಸಿರು ಜೋಡಿಯನ್ನು ಬಳಸಬೇಡಿ, ವರ್ಣಾಂಧತೆಯುಳ್ಳ ಅನೇಕರಿಗೆ ಅವುಗಳ ವ್ಯತ್ಯಾಸ ತಿಳಿಯುವುದಿಲ್ಲ. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲೂ ಪ್ರಮಾಣ ಬೇರೆಯಿರಬಹುದಾದ್ದರಿಂದ, ಇಡೀ ಗ್ರಾಮಕ್ಕೆ ಒಂದೇ ಬಣ್ಣ ಬಳಿಯದೆ ಬಾವಿಗಳನ್ನು ಬಿಂದುಗಳಾಗಿ ತೋರಿಸುವುದೇ ಪ್ರಾಮಾಣಿಕ ಕ್ರಮ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಅಲ್ಲಿಯೇ ಬರೆಯಿರಿ. ತಾಯಂದಿರಿಗೆ ಇದು ತಿಳಿಯಲೇಬೇಕು.

ಪ್ರಶ್ನಿಸಿದವರು: ಇಬ್ಬರಿಗೂ ಕೃತಜ್ಞತೆಗಳು. ಬಿಂದುಗಳಿಂದಲೇ ಆರಂಭಿಸುತ್ತೇನೆ.