ದಕ್ಷಿಣದ ಆಕಾಶದಲ್ಲಿ ಮೂರು ರಾತ್ರಿ: ಯಾವುದನ್ನು ತೆಗೆಯಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮೈಸೂರಿನವನು. ಜುಲೈ ಅಮಾವಾಸ್ಯೆ ಹೊತ್ತಿಗೆ ಸಿಡ್ನಿಯಲ್ಲಿರುವ ತಂಗಿ ಮನೆಗೆ ಹೋಗುತ್ತಿದ್ದೇನೆ. ಅಲ್ಲಿಂದ ಕೂನಬರಾಬ್ರನ್ ಎಂಬ ಊರಿಗೆ ಹೋಗಿ ಮೂರು ರಾತ್ರಿ ಆಕಾಶದ ಫೋಟೋ ತೆಗೆಯುವ ಆಸೆ. ಎಪಿಎಸ್-ಸಿ ಸೆನ್ಸರ್‌ನ ಕ್ಯಾಮೆರಾ, 135 ಮತ್ತು 400 ಎಂಎಂ ಲೆನ್ಸ್, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಒಂದು ಚಿಕ್ಕ ಟ್ರ್ಯಾಕರ್ ಇವೆ. ತೆಗೆಯಬೇಕಾದ ವಸ್ತುಗಳ ಪಟ್ಟಿ ಮಾಡುತ್ತಾ ಹೋದೆ, 22 ಆಗಿಬಿಟ್ಟಿತು! ಏನು ಮಾಡಲಿ?

ಉತ್ತರ: 18 ಹೊಡೆದುಹಾಕಿ. ತಮಾಷೆಯಲ್ಲ. ಹೊಸ ಆಕಾಶ ಕಂಡಾಗ ಎಲ್ಲರೂ ಮದುವೆ ಊಟದ ಎಲೆ ಮುಂದೆ ಕೂತವರ ಹಾಗೆ ಆಡುತ್ತೇವೆ. ಎಲ್ಲವೂ ಒಂದೊಂದು ತುತ್ತು, ಯಾವುದೂ ಹೊಟ್ಟೆ ತುಂಬ ಇಲ್ಲ.

ಪಟ್ಟಿಯನ್ನು ಅಲ್ಲಿನ ಆಕಾಶ ನೋಡಿ ಮಾಡಬೇಡಿ, ಮೈಸೂರಿನ ಆಕಾಶ ನೋಡಿ ಮಾಡಿ. ಲೆಕ್ಕ ಸುಲಭ. ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್‌ನಲ್ಲಿ ಪ್ರತಿ ವಸ್ತುವಿಗೂ ಡಿಕ್ಲಿನೇಷನ್ ಇರುತ್ತದೆ, ಆಕಾಶದ ಅಕ್ಷಾಂಶ ಅಂದುಕೊಳ್ಳಿ. ಅದು ದಕ್ಷಿಣದ್ದಾದರೆ ಮೈಸೂರಿನ ಅಕ್ಷಾಂಶ 12 ಸೇರಿಸಿ, 90ರಿಂದ ಕಳೆಯಿರಿ. ನಮ್ಮೂರಲ್ಲಿ ಅದು ಏರುವ ಗರಿಷ್ಠ ಎತ್ತರ ಸಿಕ್ಕಿತು. ಅನಿಲ, ಧೂಳಿನ ದೊಡ್ಡ ರಾಶಿಯಾದ ಕರೀನಾ ನೆಬ್ಯುಲಾ 60 ಡಿಗ್ರಿ ದಕ್ಷಿಣ, ಅಂದರೆ ಮೈಸೂರಿನಲ್ಲಿ ಬರೀ 18 ಡಿಗ್ರಿ. ಅಷ್ಟು ಕೆಳಗೆ ಬೆಳಕು ನೆತ್ತಿ ಮೇಲಿಗಿಂತ ಮೂರು ಪಟ್ಟು ಗಾಳಿ ದಾಟಿ ಬರಬೇಕು. ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ 30 ಡಿಗ್ರಿ, ಪರವಾಗಿಲ್ಲ. ಕಿರಿಯ ಮ್ಯಾಗೆಲ್ಲಾನಿಕ್ ಮೋಡ (ಹೆಸರಷ್ಟೇ ಮೋಡ, ನಿಜಕ್ಕೂ ಪಕ್ಕದ ಪುಟ್ಟ ಗ್ಯಾಲಕ್ಸಿ) 5 ಡಿಗ್ರಿ. ಅದು ನಮಗೆ ಇಲ್ಲ ಅಂತಲೇ ಲೆಕ್ಕ. ಊರಿನಲ್ಲಿ 20 ಡಿಗ್ರಿ ಮೀರದವುಗಳೇ ನಿಮ್ಮ ಮೊದಲ ಪಾಲು.

ಆಮೇಲೆ ಗಡಿಯಾರ. ಜುಲೈ ಅಲ್ಲಿ ಚಳಿಗಾಲ. ಸುಮಾರು 11 ಗಂಟೆ ಪೂರ್ತಿ ಕತ್ತಲು ಸಿಗುತ್ತದೆ. ಆದರೆ ಕರೀನಾ ಸಂಜೆಯೇ ಪಶ್ಚಿಮಕ್ಕೆ ವಾಲಿರುತ್ತದೆ. ಕತ್ತಲಾಗುವ ಆರೂಮುಕ್ಕಾಲಿಗೆ 45 ಡಿಗ್ರಿ ಎತ್ತರದಲ್ಲಿರುತ್ತದೆ, ಒಂಬತ್ತಕ್ಕೆ 28ಕ್ಕೆ ಇಳಿದಿರುತ್ತದೆ. ಹಾಗಾಗಿ ಊಟಕ್ಕೆ ಮೊದಲೇ 400 ಎಂಎಂ ಹಾಕಿ ಅದನ್ನು ಹಿಡಿಯಿರಿ. ಸುಮಾರು 2 ಡಿಗ್ರಿ ಅಗಲದ ನೆಬ್ಯುಲಾ, ನಿಮ್ಮ ಫ್ರೇಮ್ 3.4 ಡಿಗ್ರಿ ಅಗಲ. ಹೇಳಿ ಮಾಡಿಸಿದ ಜೋಡಿ.

ಅದು ಇಳಿದ ಮೇಲೆ ಒಂದು ಗಂಟೆ ಒಮೆಗಾ ಸೆಂಟಾರಿ. ಲಕ್ಷಾಂತರ ನಕ್ಷತ್ರಗಳ ಗೋಳ, ಪ್ರಕಾಶ ಜಾಸ್ತಿ, ಅಷ್ಟು ಸಾಕು. ಹತ್ತರಿಂದ ಒಂದರವರೆಗೆ 135ರಲ್ಲಿ ಜ್ಯೇಷ್ಠಾ ನಕ್ಷತ್ರದ ಸುತ್ತಲಿನ ಧೂಳು, ಅನಿಲದ ಪ್ರದೇಶ ರೋ ಒಫಿಯೂಕಿ. ಒಂದರ ನಂತರ ಅದೇ ಲೆನ್ಸ್‌ನಲ್ಲಿ ಕಿರಿಯ ಮ್ಯಾಗೆಲ್ಲಾನಿಕ್ ಮೋಡ, ಪಕ್ಕದಲ್ಲೇ 47 ಟುಕಾನೆ ನಕ್ಷತ್ರಗುಚ್ಛ. ಎರಡೂ ಒಂದೇ ಫ್ರೇಮ್‌ನಲ್ಲಿ ಕೂರುತ್ತವೆ.

ನಾಲ್ಕಾಯಿತು. ಮೂರೂ ರಾತ್ರಿ ಇದೇ ನಾಲ್ಕು, ಇದೇ ಹೊತ್ತಿಗೆ. ದಿನಕ್ಕೆ ಎರಡು ಗಂಟೆಯಂತೆ ಕರೀನಾಕ್ಕೆ ಆರು ಗಂಟೆ ಬೆಳಕು ಸೇರುತ್ತದೆ. ಒಂದು ರಾತ್ರಿ ಮೋಡ ಬಂದರೂ ಬರಿಗೈಯಲ್ಲಿ ಬರುವುದಿಲ್ಲ.

ಪ್ರಶ್ನೆ: ಮೇಡಂ, ರೋ ಒಫಿಯೂಕಿ ನಮ್ಮಲ್ಲೂ 50 ಡಿಗ್ರಿ ಮೇಲೆ ಏರುತ್ತದೆ ಅಲ್ವಾ? ನಿಮ್ಮ ಲೆಕ್ಕದ ಪ್ರಕಾರವೇ ಅದನ್ನು ಬಿಡಬೇಕಲ್ಲ.

ಉತ್ತರ: ಸಿಕ್ಕಿಬಿದ್ದೆ! ಬಿಡಬಹುದು, ಆದರೆ ಆ ಹೊತ್ತಿಗೆ ಕರೀನಾ ಮುಳುಗುವತ್ತ, ಮ್ಯಾಗೆಲ್ಲಾನಿಕ್ ಮೋಡ ಇನ್ನೂ ಕೆಳಗೆ. ಸುಮ್ನೆ ಕೂರುವ ಬದಲು ನೆತ್ತಿ ಹತ್ತಿರ ಇರುವುದನ್ನು ತೆಗೆಯಿರಿ. ಜೊತೆಗೆ ಜೂನ್, ಜುಲೈನಲ್ಲಿ ಕ್ಷೀರಪಥದ ಆ ಭಾಗ ರಾತ್ರಿಯಿಡೀ ಇರುವಾಗ ನಮ್ಮಲ್ಲಿ ಮಳೆ. ಆಮೇಲೆ ಆ ಧೂಳಿನ ಮಸುಕು ಎಳೆಗಳಿಗೆ ಒಳ್ಳೆಯ ಕತ್ತಲು ಬೇಕು. ಪಕ್ಕದ ವಾರಂಬಂಗಲ್ ರಾಷ್ಟ್ರೀಯ ಉದ್ಯಾನ 2016ರಲ್ಲಿ ಆಸ್ಟ್ರೇಲಿಯಾದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಆಯಿತು, ಕತ್ತಲಿಗೆ ಅಲ್ಲಿ ಕೊರತೆಯಿಲ್ಲ.

ಇನ್ನೊಬ್ಬರ ಪ್ರಶ್ನೆ: ಆಂಡ್ರೊಮಿಡಾ ಗ್ಯಾಲಕ್ಸಿ ಅಲ್ಲಿ ಸಿಗುತ್ತದೆಯೇ ಮೇಡಂ?

ಉತ್ತರ: ಸಿಗುತ್ತದೆ, 18 ಡಿಗ್ರಿ ಮೇಲೇರದೆ. ನವೆಂಬರ್‌ನಲ್ಲಿ ಮೈಸೂರಲ್ಲೇ ಅದು 61 ಡಿಗ್ರಿ ಏರುತ್ತದೆ. ಬಿಡಿ.

ಪ್ರಶ್ನೆ: ಕೊನೆಯದು ಮೇಡಂ. ಧ್ರುವ ನಕ್ಷತ್ರ ಇಲ್ಲದೆ ಟ್ರ್ಯಾಕರ್ ಹೊಂದಿಸುವುದು ಹೇಗೆ?

ಉತ್ತರ: ಇದೇ ನಿಜವಾದ ಕಷ್ಟ. ಟ್ರ್ಯಾಕರ್‌ನ ಅಕ್ಷ ಆಕಾಶದ ಧ್ರುವದತ್ತಲೇ ಇರಬೇಕು. ಅಲ್ಲಿನ ಧ್ರುವದ ಬಳಿ ಇರುವುದು ಸಿಗ್ಮಾ ಆಕ್ಟಾಂಟಿಸ್, ಪ್ರಕಾಶಾಂಕ 5.4. ಕತ್ತಲ ಜಾಗದಲ್ಲೂ ಕಣ್ಣು ಕಿರಿದು ಮಾಡಿ ಹುಡುಕಬೇಕು. ಬೆಳಕಿರುವಾಗಲೇ ಟ್ರೈಪಾಡ್ ಮಟ್ಟ ಮಾಡಿ, ಅಕ್ಷದ ಎತ್ತರವನ್ನು ಅಲ್ಲಿನ ಅಕ್ಷಾಂಶ 31 ಡಿಗ್ರಿಗೆ ಇಡಿ. ಕಾಂಪಾಸ್ ಕೊಂಚ ಮೋಸ ಮಾಡುತ್ತದೆ. ಮೈಸೂರಿನಲ್ಲಿ ಅದರ ತಪ್ಪು ಗಮನಕ್ಕೆ ಬರದಷ್ಟು ಕಡಿಮೆ, ಅಲ್ಲಿ 11–12 ಡಿಗ್ರಿ. ಮುಳ್ಳಿನ ಲೆಕ್ಕದಲ್ಲಿ ಸುಮಾರು 168 ತೋರಿಸುವ ಕಡೆ ನಿಜವಾದ ದಕ್ಷಿಣ. ಕತ್ತಲಾದ ಮೇಲೆ ಟ್ರ್ಯಾಕರ್‌ನ ಪುಟ್ಟ ದೂರದರ್ಶಕವಾದ ಪೋಲಾರ್ ಸ್ಕೋಪ್‌ನಲ್ಲಿ ಸಿಗ್ಮಾ ಸೇರಿ ನಾಲ್ಕು ನಕ್ಷತ್ರಗಳ ಓರೆ ಚೌಕ ಹುಡುಕಿ. ಮೊದಲ ರಾತ್ರಿ ಇದಕ್ಕೇ ಒಂದು ಗಂಟೆ ಹೋದರೆ ಬೇಸರ ಬೇಡ.

ಹಾಂ, ಟ್ರ್ಯಾಕರ್ ಮೇಲೆ ಎನ್ (ಉತ್ತರ), ಎಸ್ (ದಕ್ಷಿಣ) ಎಂಬ ಚಿಕ್ಕ ಸ್ವಿಚ್ ಇರುತ್ತದೆ. ನನ್ನ ಮೊದಲ ದಕ್ಷಿಣ ಪ್ರವಾಸದಲ್ಲಿ ಅದನ್ನು ಎನ್‌ನಲ್ಲೇ ಬಿಟ್ಟು ಮೂರು ಗಂಟೆ ಕಳೆದುಕೊಂಡೆ. ನಕ್ಷತ್ರಗಳು ಟ್ರ್ಯಾಕರ್ ಇಲ್ಲದಾಗಿನ ಎರಡರಷ್ಟು ಉದ್ದದ ಗೆರೆ ಎಳೆದಿದ್ದರೆ, ಬೇರೇನೂ ಹುಡುಕಬೇಡಿ, ಆ ಸ್ವಿಚ್ ನೋಡಿ.

ಪ್ರಶ್ನೆ: ಈಗಲೇ ಎಸ್‌ಗೆ ಹಾಕಿ ಟೇಪ್ ಅಂಟಿಸಿದೆ ಮೇಡಂ.

ಉತ್ತರ: ವಾಪಸ್ ಬಂದಾಗ ಕಿತ್ತುಹಾಕಿ ಮತ್ತೆ!